ಸೊಳ್ಳೆಪರದೆಯೊಳಗೆ ಮಾವ

ನಮ್ಮ ಅಮ್ಮ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ಹೊಲಿಗೆ ಮಿಷನ್ನಿನ ಮುಂದೆ ಕೂತಾಗ ಕಾಲು ಓಡುವುದು ಬಿಡಿ, ಆ ಕೆಲಸವೇ ಹಾಗೆ. ಊಟಕ್ಕೆ ಕೂತಾಗಲೂ ಅವಳ ಬಲಗಾಲು ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಮಾತಾಡುತ್ತ ಎದ್ದು ಹೋಗುತ್ತಿದ್ದಳು, ಹೋದಲ್ಲಿಂದಲೇ ಉತ್ತರ ಕೊಡುತ್ತಿದ್ದಳು, ನಾವು ಅವಳ ಹಿಂದೆ ಕೋಣೆಯಿಂದ ಕೋಣೆಗೆ ಅಲೆಯಬೇಕಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವಳ ತಮ್ಮ, ನನ್ನ ಮಾವ, ಆಡಿಕೊಳ್ಳುತ್ತಿದ್ದ.

ಬೀದಿಯವರು ಅವಳಿಗಿಟ್ಟ ಹೆಸರು ಸೊಳ್ಳೆಯಮ್ಮ. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಅವಳು ಹೊಲಿಯುತ್ತಿದ್ದದ್ದು ಸೊಳ್ಳೆಪರದೆ ಒಂದನ್ನೇ. ಅಂಗಿ ಹೊಲಿದುಕೊಡಿ ಎಂದು ಯಾರಾದರೂ ಬಂದರೆ "ಅಂಗಿ ಇಲ್ದೆ ಯಾರೂ ಸತ್ತಿಲ್ಲ" ಎಂದು ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಅವಳ ಮಿಷನ್, ಗೋಡೆಗೆ ಆನಿಸಿ ನಿಲ್ಲಿಸಿದ ಬಲೆಬಟ್ಟೆಯ ಸುರುಳಿಗಳು, ನಡುವೆ ನಾನು ಕತ್ತರಿಸುವ ಉದ್ದನೆಯ ಮೇಜು. ಒಂದೊಂದು ಪರದೆ ಮುಗಿದಾಗಲೂ ಅದನ್ನು ಮಾಡಿನ ಕೊಕ್ಕೆಗೆ ನೇತುಹಾಕಿ ತಾನೇ ಒಳಗೆ ನುಗ್ಗುತ್ತಿದ್ದಳು. ಒಳಗಿನಿಂದ ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ, ಸುತ್ತು ಹಾಕಿ ನೋಡುತ್ತಿದ್ದಳು. ಬಲೆಯ ಒಂದು ಕಣ್ಣು ಹರಿದಿದ್ದರೂ ಇಡೀ ಬದಿಯನ್ನೇ ಬಿಚ್ಚಿಸುತ್ತಿದ್ದಳು. ಬಿಚ್ಚುವವಳು ನಾನು, ಬೈದುಕೊಳ್ಳುವವಳೂ ನಾನೇ.

ಇದರ ಹಿಂದೆ ನನ್ನ ಅಣ್ಣನಿದ್ದ. ನಾನು ಅವನನ್ನು ನೋಡಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಸೊಳ್ಳೆಯಿಂದ ಬಂದ ಜ್ವರದಲ್ಲಿ ಹೋಗಿಬಿಟ್ಟ. ಅಮ್ಮ ಅವನನ್ನು ಎತ್ತಿಕೊಂಡು ಹೋದಾಗ ಡಾಕ್ಟರು ಹಣೆ ಮುಟ್ಟಿ ನೋಡಿ, "ಮಾಮೂಲಿ ಜ್ವರ, ಮಲಗಿಸಿ, ಸರಿಹೋಗುತ್ತೆ" ಎಂದು ಕಳಿಸಿದರಂತೆ. ಅವಳು ಮಲಗಿಸಿದಳು. ಅಂದಿನಿಂದ ಅವಳಿಗೆ ಈ ಲೋಕದಲ್ಲಿ ಇಬ್ಬರ ಮೇಲೆ ನಂಬಿಕೆಯಿಲ್ಲ, ಒಂದು ಸೊಳ್ಳೆ, ಇನ್ನೊಂದು ಡಾಕ್ಟರು.

ಮಾವ ಅಮ್ಮನಿಗಿಂತ ಬಹಳ ಚಿಕ್ಕವನು. ಅವರಮ್ಮ ಬೇಗ ತೀರಿಕೊಂಡದ್ದರಿಂದ ಅವನಿಗೆ ಅನ್ನ ಕಲಸಿ ತಿನ್ನಿಸಿದವಳು, ಅಕ್ಷರ ತಿದ್ದಿಸಿದವಳು, ಬೆನ್ನಿಗೆ ಬಾರಿಸಿದವಳು ಎಲ್ಲ ಇವಳೇ. ಅವನು ಫ್ಯಾನ್ ರಿಪೇರಿ ಮಾಡುವವನು. ಸುಟ್ಟ ಮೋಟರನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗಿಸುವುದು ಅವನ ಕಸುಬು. "ಜೋರಾಗಿ ಫ್ಯಾನ್ ಹಾಕಿದ್ರೆ ಸೊಳ್ಳೆ ಹತ್ರ ಸುಳಿಯಲ್ಲ ಅಕ್ಕ, ನಿನ್ನ ಅಂಗಡಿ ಮುಚ್ಚು" ಎಂದು ಅವನು, "ಕರೆಂಟು ಹೋದಾಗ ಬಂದು ನನ್ನ ಪರದೇಲಿ ಮಲಗ್ತೀಯಲ್ಲ, ನಾಚಿಕೆಗೆಟ್ಟವನೆ" ಎಂದು ಇವಳು. ಈ ಜಗಳ ನಾನು ಹುಟ್ಟಿದಾಗಿನಿಂದ ನಡೆದಿತ್ತು.

ಅವನು ಬೇರೆ ಊರಿನ ಫ್ಯಾನ್ ಕಾರ್ಖಾನೆಯಲ್ಲಿದ್ದಾಗ ಅವನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಹೇಗೆ ಬಂತು ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ, ನಿಮಗ್ಯಾಕೆ? ನಾವೂ ಕೇಳಲಿಲ್ಲ. ಅಲ್ಲಿ ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದ. ಕೋಣೆಯಲ್ಲಿ ಜೊತೆಗಿದ್ದವರು ಒಂದು ದಿನ ಆ ಮಾತ್ರೆ ಯಾವುದೆಂದು ಪತ್ತೆ ಮಾಡಿ ಅವನ ಹಾಸಿಗೆಯನ್ನು ಬೀದಿಗೆಸೆದರು. ಅವಮಾನಕ್ಕೆ ಕೆಲಸ ಬಿಟ್ಟ, ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ, ಮಾತ್ರೆಯನ್ನೂ ಬಿಟ್ಟ. ಎಲ್ಲೆಲ್ಲೋ ಅಲೆದು, ಕೊನೆಗೆ ನಮ್ಮೂರಿನ ಆಸ್ಪತ್ರೆಗೆ ಯಾರೋ ತಂದು ಮಲಗಿಸಿದಾಗ ಅವನಲ್ಲಿ ಉಳಿದದ್ದು ಮೂಳೆ ಚಕ್ಕಳ. ಹೇಗೋ ಬದುಕಿದ. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, "ಇನ್ನೊಂದ್ಸಲ ಮಾತ್ರೆ ಬಿಟ್ಟು ಹೀಗೆ ಅಲೆದ್ರೆ ಕಷ್ಟ ಇದೆ. ಅವರಿಗೆ ಮೊದಲು ಬೇಕಾಗಿರೋದು ನೆಮ್ಮದಿಯಾಗಿರೋ ಒಂದು ಮನೆ."

ಆ ಮನೆ ನಮ್ಮದಾಯಿತು. ಆಸ್ಪತ್ರೆಯಿಂದ ಬಂದ ದಿನ ಮಾವ ಹೊಸ್ತಿಲಾಚೆಯೇ ನಿಂತ.

"ಅಕ್ಕಾ, ನನಗೆ ಎಚ್‌ಐವಿ ಇದೆ. ಇದನ್ನ ನಿನ್ನ ಹತ್ರ ಹೇಳ್ದೆ ಒಳಗೆ ಬರಲ್ಲ."

ಅಮ್ಮನ ಮಿಷನ್ ನಿಂತಿತು. "ಹೇಳಾಯ್ತಲ್ಲ, ಬಾ ಒಳಗೆ. ಬಾಗಿಲು ತೆಗೆದಿಟ್ರೆ ಸೊಳ್ಳೆ ಬರುತ್ತೆ" ಎಂದಳು. ಮಿಷನ್ ಮತ್ತೆ ಓಡಿತು.

ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನಿಗೆ ಎಲ್ಲರ ಮನೆಯಲ್ಲೂ ಮೂಗು ತೂರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಆಸ್ಪತ್ರೆಯಲ್ಲಿ ಯಾರಿಂದಲೋ ವಿಷಯ ತಿಳಿದುಕೊಂಡು ಬಂದು, ತಟ್ಟೆ ಬೇರೆ ಇಡಿ, ಲೋಟ ಬೇರೆ ಇಡಿ, ಸೋಪು ಮುಟ್ಟಬೇಡಿ ಎಂದು ಉಪದೇಶ ಶುರುಮಾಡಿದ. ಅಮ್ಮ ಮಾವನ ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಗಡಿಯಾರದವನ ಕಣ್ಣೆದುರಿಗೇ ತಿಂದು ಕೈ ತೊಳೆದುಕೊಂಡಳು. "ತಟ್ಟೆಯಿಂದ ಬರೋದಾಗಿದ್ರೆ ದಿನಾ ಹೋಟೆಲಲ್ಲಿ ತಿನ್ನೋ ನಿಮಗೆ ಇಷ್ಟು ಹೊತ್ತಿಗೆ ಇಲ್ಲದ ರೋಗ ಇರ್ತಿರಲಿಲ್ಲ. ಆಸ್ಪತ್ರೆ ಗೋಡೆ ಮೇಲೆ ಬರೆದಿದಾರೆ, ಓದ್ಕೊಂಡು ಬನ್ನಿ" ಎಂದಳು. ನನ್ನ ಎದೆ ಉಬ್ಬಿತು. ಎಲ್ಲರ ಅಮ್ಮಂದಿರ ಹಾಗಲ್ಲ ನನ್ನಮ್ಮ ಎಂದುಕೊಂಡೆ. ಆ ಹೆಮ್ಮೆ ಸಂಜೆಯವರೆಗೆ ಬಾಳಿತು.

ಸಂಜೆ ಕಿಟಕಿ ಮುಚ್ಚುತ್ತಿದ್ದವಳು ಅರ್ಧಕ್ಕೇ ನಿಂತಳು.

"ಇದು ರಕ್ತದಿಂದ ಬರೋದು ತಾನೆ?"

"ಹೂಂ, ರಕ್ತದಿಂದಾನೂ ಬರುತ್ತೆ" ಎಂದೆ.

"ಮತ್ತೆ ರಕ್ತ ಕುಡಿಯೋದು ಯಾರು?"

ಅವಳು ಮಾವನನ್ನು ನೋಡಿದಳು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. ನಾನಾಗ ಬಸುರಿ. ಗಂಡ ದೂರದ ಊರಿನಲ್ಲಿ ಕೆಲಸದಲ್ಲಿದ್ದ, ನಾನು ಅಮ್ಮನ ಜೊತೆಗೇ ಇದ್ದೆ. ಅವಳ ತಲೆಯಲ್ಲಿ ಒಂದು ಸೊಳ್ಳೆ ಮಾವನಿಂದ ಎದ್ದು ನನ್ನ ಕಡೆಗೆ ಹಾರಿ ಬರುತ್ತಿರುವುದು ನನಗೆ ಕಂಡೇ ಕಂಡಿತು.

ಮರುದಿನ ಬೇರೆ ಯಾವ ಕೆಲಸವನ್ನೂ ಅವಳು ಮುಟ್ಟಲಿಲ್ಲ. ಎಲ್ಲಕ್ಕಿಂತ ಒತ್ತಾದ ಬಲೆಬಟ್ಟೆ ತೆಗೆಸಿದಳು. ಕೆಳಗೆ ಹಾಸಿಗೆಯಡಿ ಮಡಚಲು ದಪ್ಪ ಬಟ್ಟೆ, ಬಾಗಿಲಿಗೆ ಒಂದರ ಮೇಲೊಂದು ಬರುವ ಎರಡು ಮಡಿಕೆ, ಅದಕ್ಕೆ ಗುಂಡಿಗಳು. ಅಂಥ ಪರದೆಯನ್ನು ಅವಳು ಯಾರಿಗೂ ಹೊಲಿದಿರಲಿಲ್ಲ. ಲೋಕದ ಪರದೆಗಳೆಲ್ಲ ಒಳಗಿರುವವರನ್ನು ಕಾಯುತ್ತವೆ. ಇದು ಹೊರಗಿರುವ ನಮ್ಮನ್ನು ಮಾವನಿಂದ ಕಾಯಲು ಹೊಲಿದದ್ದು. ಬಿಸಿಲು ಇಳಿಯುವ ಮುಂಚೆ ಅವನು ಒಳಗೆ ಸೇರಬೇಕು, ಬೆಳಗ್ಗೆ ಬಿಸಿಲು ಬಂದ ಮೇಲೆ ಹೊರಗೆ ಬರಬೇಕು. ಒಳಗೆ ತಪ್ಪಿ ಸೇರಿದ ಸೊಳ್ಳೆ ಏನಾದರೂ ಕಂಡರೆ ಅಮ್ಮ ಬಟ್ಟೆ ಹಿಡಿದು ನುಗ್ಗುತ್ತಿದ್ದಳು. ಹೊಡೆದದ್ದರಲ್ಲಿ ಕೆಂಪು ಕಂಡರೆ ಆ ಬಟ್ಟೆ ಒಲೆಗೆ.

ಮಾವ ಮೊದಮೊದಲು ನಕ್ಕ. "ಅಕ್ಕನ ಕೈಕೆಲಸ, ಬೇಡ ಅನ್ನೋಕಾಗುತ್ತಾ?" ಎಂದು ಮೋಟರು, ತಂತಿ, ಇಕ್ಕಳ ಎಲ್ಲವನ್ನೂ ಮಂಚದ ಮೇಲೆ ಇಟ್ಟುಕೊಂಡು ಒಳಗೇ ಕೂತ. ಮಿಠಾಯಿ ಅಂಗಡಿಯಲ್ಲಿ ನೊಣ ಮುತ್ತದಂತೆ ಮುಚ್ಚಿಟ್ಟ ತಟ್ಟೆಯ ಹಾಗೆ ಕಾಣುತ್ತಿದ್ದೇನೆ ಎಂದು ತನ್ನನ್ನೇ ಗೇಲಿ ಮಾಡಿಕೊಂಡ. ಆ ಒತ್ತು ಬಟ್ಟೆಯೊಳಕ್ಕೆ ಗಾಳಿ ನುಗ್ಗುತ್ತಿರಲಿಲ್ಲ. ಊರಿಗೆಲ್ಲ ಗಾಳಿ ಹಂಚಿದವನು ಬೆವರು ಸುರಿಸುತ್ತ ಕೂರುತ್ತಿದ್ದ. ನನಗೆ ನೋಡಲಾಗುತ್ತಿರಲಿಲ್ಲ.

"ಸೊಳ್ಳೆಯಿಂದ ಬರಲ್ಲಮ್ಮ, ಎಷ್ಟು ಸಲ ಹೇಳ್ಲಿ?" ಎಂದು ಕೂಗಾಡಿದರೆ ಅಮ್ಮ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಹಿಂದೆಯೇ ಹೋದರೆ ಮುಂದಿನ ಕೋಣೆಗೆ ಬರುತ್ತಿದ್ದಳು. ನಾನೂ ಅವಳ ಮಗಳೇ, ಬಿಡುತ್ತಿರಲಿಲ್ಲ. ಇಬ್ಬರೂ ಮನೆ ತುಂಬ ಓಡಾಡಿಕೊಂಡು ಜಗಳವಾಡುತ್ತಿದ್ದೆವು. ನಡುವೆ ಪರದೆಯೊಳಗಿಂದ ಮಾವ, "ಹೋಗ್ಲಿ ಬಿಡೇ, ನನಗೇನೂ ತೊಂದರೆ ಇಲ್ಲ" ಎನ್ನುತ್ತಿದ್ದ.

ಸಂಜೆ ಪರದೆ ಕೊಳ್ಳಲು ಬಂದವರಿಗೆ ಒಳಕೋಣೆಯಲ್ಲಿ ಅವನು ಕಾಣುತ್ತಿದ್ದ. ಇಷ್ಟು ಬೇಗ ಯಾಕೆ ಮಲಗಿದಾನೆ ಎಂದು ಕೇಳುತ್ತಿದ್ದರು. ಅಮ್ಮ ಏನೋ ಒಂದು ಹೇಳಿ ಸಾಗಿಸಿದರೂ ಗಡಿಯಾರದವನು ಸುಮ್ಮನಿರುತ್ತಾನೆಯೇ? ಆ ಮನೆಯ ಸೊಳ್ಳೆ ಕಚ್ಚಿದರೆ ಏಡ್ಸ್ ಬರುತ್ತದಂತೆ, ಅಕ್ಕನೇ ತಮ್ಮನನ್ನು ಕಟ್ಟಿಹಾಕಿದ್ದಾಳಂತೆ ಎಂದು ಸುದ್ದಿ ಹಬ್ಬಿತು. ಆಮೇಲೆ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಮೈ ಉರಿಯುತ್ತದೆ. ಬೀದಿಗೆ ಬೀದಿಯೇ ಪರದೆ ಕೊಳ್ಳಲು ಬಂತು. ಮಿಷನ್ನಿಗೆ ಬಿಡುವಿಲ್ಲ, ನನ್ನ ಕತ್ತರಿಗೆ ಬಿಡುವಿಲ್ಲ. "ಎಲ್ಲಾ ನನ್ನಿಂದ ಆಗಿರೋ ವ್ಯಾಪಾರ, ನನಗೇನು ಕೊಡ್ತೀಯ ಅಕ್ಕ?" ಎಂದ ಮಾವ. ಅವನ ಹತ್ತಿರ ಮಾತ್ರ ಒಂದು ಫ್ಯಾನೂ ರಿಪೇರಿಗೆ ಬರಲಿಲ್ಲ. ಮೊದಲು ಕೊಟ್ಟವರೂ ಹಾಗೇ ಬಂದು ವಾಪಸ್ ತೆಗೆದುಕೊಂಡು ಹೋದರು. ಅವನು ಒಂದೇ ಮೋಟರಿನ ತಂತಿಯನ್ನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು ಮಾಡುತ್ತ ಕೂತ. ಊಟ ಕಡಿಮೆಯಾಯಿತು. ಮಾತ್ರೆ ನುಂಗಿದೆಯಾ ಎಂದು ಕೇಳಿದರೆ ಉತ್ತರ ತಡವಾಗಿ ಬರತೊಡಗಿತು.

ನನಗೆ ಹೆದರಿಕೆಯಾಯಿತು. ಇವನು ಹೀಗೆ ಇನ್ನೊಂದು ಸಲ ಎದ್ದು ಹೋದರೆ ಹೆಣವಾಗಿಯೇ ಸಿಗುತ್ತಾನೆ. ನನ್ನ ತಪಾಸಣೆಗೆ ಹೋಗುವಾಗ ಅಮ್ಮನನ್ನೂ ಎಳೆದುಕೊಂಡು ಹೋದೆ. ಬಸುರಿಯರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡುತ್ತಾರೆಂದು ಗೊತ್ತಾಗಿ ಅಮ್ಮ ಅಲ್ಲೇ ರೇಗಿದಳು.

"ನನ್ನ ಮಗಳ ಮೇಲೆ ಅನುಮಾನ ಪಡ್ತೀರಾ?"

"ಎಲ್ಲರಿಗೂ ಮಾಡ್ತೀವಮ್ಮ, ಅನುಮಾನದ ಮಾತಲ್ಲ ಇದು. ಮುಂಚೇನೇ ಗೊತ್ತಾದ್ರೆ ಔಷಧಿ ಕೊಟ್ಟು ಮಗೂನ ಕಾಪಾಡಬಹುದು, ಅದಕ್ಕೆ" ಎಂದರು ನರ್ಸಮ್ಮ. ನನ್ನದರಲ್ಲಿ ಏನೂ ಇರಲಿಲ್ಲ. ನಾನು ಸಮಯ ಸಾಧಿಸಿ ಸೊಳ್ಳೆಯ ವಿಷಯ ಎತ್ತಿದೆ.

"ಸೊಳ್ಳೆಯಿಂದ ಇದು ಬರೋದೇ ಇಲ್ಲಮ್ಮ" ಎಂದರು ನರ್ಸಮ್ಮ.

"ಜ್ವರ ತರುತ್ತೆ, ಇದನ್ನ ತರಲ್ವಾ? ಅದೇ ಸೊಳ್ಳೆ, ಅದೇ ರಕ್ತ. ಇದೆಂಥ ನ್ಯಾಯ?"

ನರ್ಸಮ್ಮ ನಗಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. "ಒಳ್ಳೆ ಪ್ರಶ್ನೆ ಕೇಳಿದ್ರಿ. ಆ ಜ್ವರದ ಕ್ರಿಮಿಗೆ ಸೊಳ್ಳೆ ಹೊಟ್ಟೆ ಅಂದ್ರೆ ಮನೆ ಇದ್ದಂಗೆ. ಅಲ್ಲೇ ಬೆಳೆದು ಅದರ ಎಂಜಲಿಗೆ ಬರುತ್ತೆ. ಇದಕ್ಕೆ ಅಲ್ಲಿ ಬದುಕೋಕೆ ಆಗಲ್ಲ, ನಾವು ತಿಂದ ಅನ್ನದ ತರ ಅರಗಿ ಹೋಗುತ್ತೆ. ಅದೂ ಅಲ್ದೆ ಸೊಳ್ಳೆ ಕುಡಿದ ರಕ್ತಾನ ಇನ್ನೊಬ್ಬರ ಮೈಗೆ ಚುಚ್ಚಲ್ಲ, ಎಂಜಲು ಮಾತ್ರ ಬಿಡೋದು. ಸೊಳ್ಳೆಯಿಂದ ಬರೋದಾಗಿದ್ರೆ ಊರಲ್ಲಿ ಒಬ್ಬರೂ ಉಳೀತಿರಲಿಲ್ಲಮ್ಮ, ಎಳೆ ಮಕ್ಕಳೂ ಸೇರಿ."

ದಾರಿಯಲ್ಲಿ ಅಮ್ಮ ನನಗಿಂತ ಮುಂದೆ ಮುಂದೆ ನಡೆದಳು. "ಅವಳೇನು ಸೊಳ್ಳೆ ಹೊಟ್ಟೆ ಒಳಗೆ ಹೋಗಿ ನೋಡಿ ಬಂದಿದಾಳಾ?" ಎಂದಳು. ಸ್ವಲ್ಪ ದೂರ ಹೋಗಿ ತಿರುಗಿ ನಿಂತು, "ಅವತ್ತೂ ಹಿಂಗೇ ಸಮಾಧಾನವಾಗಿ ಮಾತಾಡಿ ಕಳಿಸಿದ್ರು ನನ್ನನ್ನ" ಎಂದಳು. ಅಣ್ಣನನ್ನು ಮುಂದಿಟ್ಟುಕೊಂಡು ಅವಳು ಹೀಗೆ ಮಾತಾಡಿದ ಮೇಲೆ ನಾನು ಹೆಜ್ಜೆ ಬಿರುಸು ಮಾಡಿ ಅವಳ ಪಕ್ಕಕ್ಕೆ ಹೋಗಿ ನಡೆದೆ.

ಇದಾಗಿ ಕೆಲವು ದಿನ ಕಳೆದಿರಬೇಕು. ಸಂಜೆ ನಾನು ಕತ್ತರಿ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದ್ದೆ. ಎದ್ದಾಗ ತೋಳಿನಲ್ಲಿ ಒಂದು ದದ್ದು, ಪಕ್ಕದಲ್ಲಿ ನನ್ನದೇ ಕೈಗೆ ಸಿಕ್ಕಿ ಸತ್ತ ಸೊಳ್ಳೆ, ಒಂದು ಚೂರು ರಕ್ತ. ಅಮ್ಮ ಅದನ್ನು ನೋಡಿದಳು. ಒಳಕೋಣೆಗೆ ಓಡಿದಳು. ಮಾವ ಸೆಕೆ ತಡೆಯಲಾರದೆ ಪರದೆಯ ಗುಂಡಿ ಬಿಚ್ಚಿ, ಹೊರಗೆ ಕೂತು ಟೇಬಲ್ ಫ್ಯಾನಿನ ಮುಂದೆ ಮುಖ ಒಡ್ಡಿದ್ದ.

"ಮಾತು ಕೊಟ್ಟಿದ್ದೆ ನೀನು! ಒಳಗಿರ್ತೀನಿ ಅಂತ ಮಾತು ಕೊಟ್ಟಿದ್ದೆ!" ಅವಳ ಧ್ವನಿ ಬೀದಿಗೆ ಕೇಳುವಂತಿತ್ತು. "ಒಂದು ಮಗು ಹೋಯ್ತು ನನಗೆ. ಇನ್ನೊಂದನ್ನೂ ನೀನು ತಿನ್ಬೇಕಾ?"

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಮಾವ ಫ್ಯಾನು ಆರಿಸಿದ. ಇಕ್ಕಳ, ಸ್ಕ್ರೂಡ್ರೈವರು, ತಂತಿಯ ಸುರುಳಿಗಳನ್ನು ಪೆಟ್ಟಿಗೆಗೆ ಹಾಕಿಕೊಂಡ. ನಾನು ಅಡ್ಡ ನಿಂತೆ, ತೋಳು ಹಿಡಿದೆ, ಅತ್ತುಬಿಟ್ಟೆ. "ಬಿಡೇ, ಮಗು ಚೆನ್ನಾಗಿರ್ಲಿ" ಎಂದು ನನ್ನ ಕೈ ಬಿಡಿಸಿಕೊಂಡು ಹೊರಟುಹೋದ. ಅವನ ಮಾತ್ರೆಯ ಡಬ್ಬಿ ಕಿಟಕಿಯ ಮೇಲೆಯೇ ಇತ್ತು. ಮರೆತು ಬಿಟ್ಟದ್ದಲ್ಲ, ಅದು ಅವನ ಕೈಗೆಟಕುವಲ್ಲೇ ಇತ್ತು. ನಾನು ಅದನ್ನು ಎತ್ತಿ ಅಮ್ಮನ ಮುಖದ ಮುಂದೆ ಹಿಡಿದೆ.

"ನೋಡು. ಸೊಳ್ಳೆ ಕೊಲ್ಲಲ್ಲ ಅವನನ್ನ, ರೋಗಾನೂ ಕೊಲ್ಲಲ್ಲ. ನೀನು ಕೊಲ್ತೀಯ."

ಅಮ್ಮ ಬಾಲ ಸುಟ್ಟ ಬೆಕ್ಕಿನ ಹಾಗೆ ಕೋಣೆಯಲ್ಲಿ ಸುತ್ತಿದಳು. ಮಿಷನ್ನಿನ ಹತ್ತಿರ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಒಳಗೆ ಹೋದಳು. ಆಮೇಲೆ ಚಪ್ಪಲಿ ಸಹ ಹಾಕಿಕೊಳ್ಳದೆ ಬೀದಿಗಿಳಿದಳು. ನಾನು ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತ ಹಿಂದೆ ನಡೆದೆ.

ಮಾವ ಬಸ್ ನಿಲ್ದಾಣದ ತಗಡಿನ ಚಾವಣಿಯ ಕೆಳಗೆ, ಕಲ್ಲುಬೆಂಚಿನ ಮೇಲೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದೆ ತೆರೆದ ಚರಂಡಿ. ಕತ್ತಲಾಗುವ ಹೊತ್ತು, ಸೊಳ್ಳೆಗಳು ತಲೆಯ ಮೇಲೆ ಗುಂಯ್‌ಗುಡುತ್ತಿದ್ದವು. ಅಮ್ಮ ಅವನ ಪಕ್ಕದಲ್ಲಿ ಕೂತಳು. ಕ್ಷಮೆ ಕೇಳಲಿಲ್ಲ, ಅವಳಿಗೆ ಅದು ಬರುವುದಿಲ್ಲ. ತೋಳಿನ ಬಟ್ಟೆಯನ್ನು ಮೊಣಕೈಯ ಮೇಲಕ್ಕೆ ಎಳೆದುಕೊಂಡು ಅವನ ಕೈಯ ಪಕ್ಕಕ್ಕೆ ತನ್ನ ಕೈಯನ್ನು ಒತ್ತಿಟ್ಟಳು. ಒಂದು ಸೊಳ್ಳೆ ಬಂದು ಅವನ ಮಣಿಕಟ್ಟಿನ ಮೇಲೆ ಕೂತಿತು. ಅವನು ಇನ್ನೊಂದು ಕೈ ಎತ್ತಿದ.

"ಹೊಡೀಬೇಡ" ಎಂದಳು ಅಮ್ಮ.

ಅದು ಕುಡಿಯಿತು. ನಿಧಾನವಾಗಿ ಎದ್ದು, ಅಲ್ಲೇ ತೇಲಾಡಿ, ಅವಳ ಕೈಮೇಲೆ ಇಳಿಯಿತು. ಕಂಡ ಸೊಳ್ಳೆಯನ್ನು ಜೀವಸಹಿತ ಬಿಟ್ಟವಳಲ್ಲ ನನ್ನಮ್ಮ. ಆದರೆ ಈಗ ಅವಳ ಕೈ ಕದಲಲಿಲ್ಲ. ಅವಳು ನಂಬಿದ್ದನ್ನು ನಾನು ಬಲ್ಲೆ. ನರ್ಸಮ್ಮನ ಮಾತು ಅವಳಿಗೆ ತಲುಪಿರಲಿಲ್ಲ. ಅವಳ ಮಟ್ಟಿಗೆ ಅಲ್ಲಿ ಅವಳ ಸಾವು ಕೂತಿತ್ತು, ಅದಕ್ಕೆ ಅವಳು ಕೈಯೊಡ್ಡಿದ್ದಳು. ಸೊಳ್ಳೆ ಹಾರಿಹೋಯಿತು.

"ಆಯ್ತಲ್ಲ, ಈಗ ಇಬ್ಬರಿಗೂ ಒಂದೇ. ಇನ್ನೆಲ್ಲಿಗೋ ಹೋಗ್ತೀಯ ನನ್ನ ಬಿಟ್ಟು? ನಡಿ ಮನೆಗೆ, ಮಾತ್ರೆ ಹೊತ್ತು ಮೀರ್ತಿದೆ."

"ಅಕ್ಕಾ, ಏನೂ ಆಗಲ್ಲ ಕಣೇ... ಡಾಕ್ಟರು ಹೇಳಿದಾರಲ್ಲ, ಏನೂ ಆಗಲ್ಲ" ಎಂದು ಮಾವ ಅವಳ ಕೈಯನ್ನು ತನ್ನ ಅಂಗಿಯಿಂದ ಒರೆಸಿದ, ಒರೆಸುತ್ತಲೇ ಇದ್ದ. ಅಮ್ಮ ಪೆಟ್ಟಿಗೆ ಕಿತ್ತುಕೊಂಡು ಮನೆಯ ಕಡೆ ನಡೆದೇಬಿಟ್ಟಳು. ಪೆಟ್ಟಿಗೆ ಇಲ್ಲದ ಕಸುಬುದಾರ ಎಲ್ಲಿಗೆ ಹೋದಾನು? ಹಿಂದೆ ಬಂದ.

ಮರುದಿನದಿಂದ ಹೊಸ ರಗಳೆ. ತನ್ನ ರಕ್ತವೂ ಈಗ ಕೆಟ್ಟಿತು ಎಂದು ಅಮ್ಮ ಸಂಜೆಯಾಗುತ್ತಲೇ ತಾನೂ ಪರದೆಯೊಳಗೆ ಸೇರಿದಳು. ಇಬ್ಬರಿಗೂ ಸಾಲುವಂತೆ ಅಗಲದ ಪರದೆ ಹೊಲಿದಿದ್ದಳು, ಮಾವನ ಹಟಕ್ಕೆ ಈ ಸಲ ತೆಳು ಬಟ್ಟೆಯದು, ಟೇಬಲ್ ಫ್ಯಾನಿಗೂ ಒಳಗೆ ಜಾಗ. ಅಲ್ಲಿಂದಲೇ ನನಗೆ ಪಾಠ: ಸೂಜಿಗಳು ಯಾವ ಡಬ್ಬಿಯಲ್ಲಿವೆ, ಮಿಷನ್ನಿಗೆ ಎಲ್ಲೆಲ್ಲಿ ಎಣ್ಣೆ ಬಿಡಬೇಕು, ಯಾವ ಗಿರಾಕಿ ಬಾಯಿಬಡುಕ. ಇನ್ನೇನು ನಾಳೆ ಹೊರಟೇ ಹೋಗುವವಳ ಧಾಟಿ. ಪಕ್ಕದಲ್ಲಿ ಮಾವ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದ, ಅಕ್ಕನೇ ನೀರು ಕೊಡುತ್ತಿದ್ದಳು. ಅವನ ಮೈಗೆ ಮಾಂಸ ಹತ್ತಿತು. ಆದರೆ ಅಮ್ಮ ಒಂದು ಸಲ ಕೆಮ್ಮಿದರೆ ಸಾಕು, ಅವನ ಕೈಯ ತಂತಿ ನಿಂತುಬಿಡುತ್ತಿತ್ತು. ಪಾಪ, ಅಕ್ಕನ ಸಂಕಟ ನೋಡಲಾರದೆ ಹಾಗೆ ಎಂದುಕೊಂಡೆ.

ಪರೀಕ್ಷೆ ಮಾಡಿಸಿಕೊಳ್ಳಮ್ಮ ಎಂದು ನಾನು ಬೆನ್ನು ಬಿಡಲಿಲ್ಲ. ತಕ್ಷಣ ಮಾಡಿದರೆ ಅವಳು ನಂಬುವವಳಲ್ಲ. ಸೋಂಕು ಇದ್ದಿದ್ದರೆ ಖಂಡಿತ ಕಾಣುವಷ್ಟು ಕಾಲ ಕಳೆದ ಮೇಲೆ ಬನ್ನಿ ಎಂದು ನರ್ಸಮ್ಮನೇ ಹೇಳಿದ್ದರು. ಆ ದಿನ ಮೂವರೂ ಹೋದೆವು. ಮಾವ ತಾನು ಒಳಗೆ ಬರುವುದಿಲ್ಲ ಎಂದು ಗೇಟಿನ ಬಳಿಯೇ ಉಳಿದ.

"ಏನೂ ಇಲ್ಲಮ್ಮ, ಚೆನ್ನಾಗಿದೀರಿ" ಎಂದರು ನರ್ಸಮ್ಮ.

"ಇನ್ನೊಂದ್ಸಲ ನೋಡಿ. ಅದು ಅವನನ್ನ ಕಚ್ಚಿದ್ದು ನಾನೇ ನೋಡಿದೀನಿ. ಆಮೇಲೆ ನನ್ನನ್ನ ಕಚ್ಚಿತು."

"ನೂರು ಕಚ್ಚಿದ್ರೂ ಇಷ್ಟೇನೇ."

ಅಮ್ಮ ಎದ್ದವಳು ಮತ್ತೆ ಕೂತಳು. ಅವಳ ಕಾಲು ಅಲ್ಲಾಡುತ್ತಿರಲಿಲ್ಲ. ಖುಷಿಪಡುತ್ತಾಳೆ, ಇಲ್ಲವೇ ಜಗಳ ಮುಂದುವರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. "ಹಂಗಾದ್ರೆ ಅಷ್ಟು ದಿನ ಅವನನ್ನ ನಾನು ಸುಮ್‌ಸುಮ್ನೆ..." ಎಂದಳು. ಹೊರಗೆ ಬರುವಾಗ ಮುಖ ಬಾಡಿ, ಕಣ್ಣು ತುಂಬಿ, ಗೋಡೆ ಹಿಡಿದುಕೊಂಡು ನಡೆದಳು.

ಗೇಟಿನ ಬಳಿ ಮಾವ ಅವಳ ಆ ಮುಖ ನೋಡಿದ. ಕಂಬಕ್ಕೆ ಒರಗಿ ಹಾಗೇ ನೆಲಕ್ಕೆ ಕುಸಿದ.

"ಬಂತಾ ಅಕ್ಕಾ?" ಎಂದ. "ನನ್ನಿಂದ ನಿನಗೂ ಬಂತಾ?"

"ಇಲ್ಲ ಕಣೋ, ಇಲ್ಲ. ಏನೂ ಇಲ್ವಂತೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬೀದಿಯವರ ಮಾತಿಗೆ ಅಳದವನು, ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ ಅಳದವನು. ಏನೂ ಆಗುವುದಿಲ್ಲ ಎಂದು ನಮಗೆಲ್ಲ ಹೇಳಿಕೊಂಡು ಬಂದವನು ಆ ಬೆಂಚಿನ ಸಂಜೆಯಿಂದ ಇಲ್ಲಿಯವರೆಗೆ ಅಕ್ಕನನ್ನು ಕೊಂದೆ ಎಂದೇ ತಿಳಿದು ಬದುಕಿದ್ದ. ಅಮ್ಮ ಅವನೆದುರು ನೆಲದ ಮೇಲೆ ಕೂತು ಅವನ ಕೈಗಳನ್ನು ಮುಖದಿಂದ ಬಿಡಿಸಿದಳು.

"ಡಾಕ್ಟರು ಅಷ್ಟು ಹೇಳಿದ್ರಲ್ಲೋ ನಿನಗೆ. ಆದ್ರೂ ನನ್ನ ಮಾತು ನಂಬಿದ್ಯಾ?"

"ಇನ್ಯಾರ ಮಾತು ನಂಬ್ಲಿ ಅಕ್ಕಾ?" ಎಂದ ಮಾವ. "ನನ್ನ ಸಾಕಿದ್ದು ನೀನು."